ಕನ್ನಡ ಕೃತಿಗಳ ಜೋಡಿ ಹೆಸರುಗಳು

ಗ್ರಂಥದ ಹೆಸರು ಗ್ರಂಥದ ಬಾಗಿಲೆಂದು ಹಿರಿಯರು ಭಾವಿಸಿದ್ದರು. ಕೆಲವು ಬಾಗಿಲುಗಳಿಗೆ ಒಂದೇ ಕದವಿರುವುದು, ಕೆಲವಕ್ಕೆ ಎರಡು. 'ಹಣತೆ', 'ಗರಿ', 'ಕೊಳಲು' ಎಂಬಂಥವು ಒಂಟಿ ಕದದ ಹೆಸರುಗಳು. 'ಚಂಡೆಮದ್ದಳೆ', 'ಟೊಳ್ಳುಗಟ್ಟಿ', 'ಹೂವು ಹಣ್ಣು' ಎಂಬಂಥವು ಜೋಡಿ ಕದದವು. ಈ ಎರಡನೆಯ ಬಗೆಯ ಹೆಸರುಗಳು ನಮ್ಮ ಸಾಹಿತ್ಯದಲ್ಲಿ ನಡೆದುಬಂದ ದಾರಿಯನ್ನು ಸ್ವಲ್ಪಮಟ್ಟಿಗೆ ನಿರೂಪಿಸಬೇಕೆಂಬುದು ಈ ಲೇಖನದ ಉದ್ದೇಶ. ವಾರ್ಷಿಕೋತ್ಸವದ ಸಂಚಿಕೆಗೆ ಇದು ತುಸು ಶುಷ್ಕವಾದ ವಿಷಯವೆಂದು ಯಾರಾದರೂ ಹೇಳಿಯಾರು. ಆದರೆ ಕೊಯಮತ್ತೂರು ತಿರುಪ್ಪೂರು ಸೀಮೆಯ ಕನ್ನಡಿಗರಾದ ನಾವು ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು ಮಾತು ಆಡುತ್ತ ಬಾಳುವವರು. ಒಂದು ಪದದ ಪಕ್ಕದಲ್ಲಿ ಇನ್ನೊಂದು ಪದವನ್ನು ಕೂರಿಸಿದರೆ ಅವು ಸ್ನೇಹದಿಂದ ಇರುವುವೋ, ಜಗಳವಾಡುವುವೋ, ಒಂದು ಇನ್ನೊಂದನ್ನು ನುಂಗಿಹಾಕುವುದೋ ಎಂಬುದನ್ನು ಅರಿಯುವ ಕುತೂಹಲ ನಮಗಿಂತ ಹೆಚ್ಚಾಗಿ ಬೇರೆ ಯಾರಿಗಿದ್ದೀತು?

ವ್ಯಾಕರಣದಿಂದಲೇ ಆರಂಭಿಸೋಣ. ಎರಡು ನಾಮಪದಗಳು ಸಮಾನ ಗೌರವದಿಂದ ಕೂಡಿಕೊಂಡರೆ ಅದನ್ನು ದ್ವಂದ್ವಸಮಾಸವೆಂದು ಕರೆಯುವುದನ್ನು ಕನ್ನಡ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಗಿಡಮರ, ಕೆರೆಕಟ್ಟೆ, ಹೊಲಗದ್ದೆ, ಅಣ್ಣತಮ್ಮ ಇವೇ ಮೊದಲಾದುವು ಅದರ ಉದಾಹರಣೆಗಳು. ತಮಿಳು ಶಾಲೆಗೆ ಹೋಗುವ ನಮ್ಮ ಮಕ್ಕಳು ಇದನ್ನೇ 'ಉಮ್ಮೈತ್ತೊಗೈ' ಎಂಬ ಹೆಸರಿನಿಂದ ಕಲಿಯುತ್ತಾರೆ. 'ಉಮ್' ಎಂಬ ಪ್ರತ್ಯಯವು ಮರೆಯಾಗಿರುವ ಸಮಾಸವೆಂದು ಆ ಪದದ ಅರ್ಥ. ಹಳಗನ್ನಡದಲ್ಲಿಯೂ ಈ ಸ್ಥಾನದಲ್ಲಿ ಇದ್ದುದು 'ಉಂ' ಎಂಬ ಪ್ರತ್ಯಯವೇ. ಹೊಸಗನ್ನಡದ 'ರಾಮನೂ ಸೀತೆಯೂ' ಎಂಬಲ್ಲಿಯ 'ಊ'ಕಾರವು ಅದರ ಮುಂದಿನ ರೂಪ. ಮಗುವು ಶಾಲೆಯಿಂದ ತಂದ ಪಾಠವನ್ನು ತಾಯಿ ತನ್ನ ಭಾಷೆಯ ಪಾಠವೆಂದೇ ಗುರುತಿಸಬಹುದಾದ ಸಂದರ್ಭಗಳಲ್ಲಿ ಇದೂ ಒಂದು.

ಈ ಎರಡು ವ್ಯಾಕರಣಗಳು ಹುಟ್ಟಿದ ಬಗೆಯೂ ಗಮನಾರ್ಹವಾಗಿದೆ. ತಮಿಳಿನ 'ನನ್ನೂಲ್' ಎಂಬ ವ್ಯಾಕರಣವನ್ನು ರಚಿಸಿದ ಪವಣಂದಿ ಮುನಿಯು ಜೈನ. ಅವನು ಅದನ್ನು ಹದಿಮೂರನೆಯ ಶತಮಾನದ ಆದಿಭಾಗದಲ್ಲಿ ಬರೆದುದು ಸೀಯಗಂಗನೆಂಬ ಅರಸನ ಆಶ್ರಯದಲ್ಲಿ. ಆ ಸೀಯಗಂಗನಾದರೋ ಕುವಲಾಲಪುರ, ಎಂದರೆ ಕೋಲಾರದ, ಒಡೆಯನೆಂದು ಹೇಳಿಕೊಳ್ಳುತ್ತಿದ್ದ ಗಂಗವಂಶದವನು. ಪವಣಂದಿಯ ಊರು ನಮ್ಮ ಕೊಂಗುನಾಡಿನ ಶೀನಾಪುರವೇ ಎಂದು ಈ ಕಡೆಯಲ್ಲಿ ಹೇಳುವ ವಾಡಿಕೆಯುಂಟು. ಅದೇ ಶತಮಾನದ ಮಧ್ಯಭಾಗದಲ್ಲಿ, ಸುಮಾರು 1260ರಲ್ಲಿ, ಕೇಶಿರಾಜನು ಕನ್ನಡಕ್ಕೆ 'ಶಬ್ದಮಣಿದರ್ಪಣ'ವನ್ನು ಕೊಟ್ಟನು. ಅವನೂ ಜೈನನೇ. ಕನ್ನಡ ನಾಡಿನ ಗಂಗರ ಕುಡಿಯೊಬ್ಬನು ತಮಿಳು ವ್ಯಾಕರಣಕ್ಕೆ ಅನ್ನವಿಟ್ಟ ಈ ಸಂಗತಿಯನ್ನು ಎರಡು ಭಾಷೆಯ ಪಾಠಪುಸ್ತಕಗಳಲ್ಲಿಯೂ ಅಚ್ಚುಹಾಕಿಸಿದ್ದರೆ ಎಷ್ಟೋ ಒಣಜಗಳಗಳು ಕಡಮೆಯಾಗುತ್ತಿದ್ದುವೆಂದು ನಮ್ಮ ಭಾವನೆ.

ಇನ್ನು ಗ್ರಂಥನಾಮಗಳ ಮಾತು. ಎರಡು ನಾಮಪದಗಳಿಂದ ಗ್ರಂಥಕ್ಕೆ ಹೆಸರಿಡುವ ಪದ್ಧತಿಯು ಎಷ್ಟು ಪ್ರಾಚೀನವೆಂದರೆ, ಪಾಣಿನಿಯೇ ಅದಕ್ಕಾಗಿ ಒಂದು ಸೂತ್ರವನ್ನು ಮಾಡಿಟ್ಟಿರುವನು. ಇಂಥಿಂಥವರನ್ನು ಕುರಿತ ಗ್ರಂಥವೆಂಬ ಅರ್ಥದಲ್ಲಿ ದ್ವಂದ್ವಸಮಾಸದ ಮೇಲೆ 'ಈಯ' ಎಂಬ ಪ್ರತ್ಯಯವು ಬರಬೇಕೆಂಬುದು ಅದರ ತಾತ್ಪರ್ಯ. ಭಾರವಿಯ 'ಕಿರಾತಾರ್ಜುನೀಯ', ಭರ್ತೃಹರಿಯ 'ವಾಕ್ಯಪದೀಯ' ಇವು ಆ ಅಚ್ಚಿನಲ್ಲಿ ಎರಕಹೊಯ್ದ ಹೆಸರುಗಳು. ಕಿರಾತನೂ ಅರ್ಜುನನೂ ಎದುರುಬದುರು ನಿಂತ ಕಾವ್ಯ ಮೊದಲನೆಯದು. ವಾಕ್ಯವೂ ಪದವೂ ಚರ್ಚೆಗೆ ನಿಂತ ಶಾಸ್ತ್ರ ಎರಡನೆಯದು. ಕಾಳಿದಾಸನ 'ಮಾಲವಿಕಾಗ್ನಿಮಿತ್ರ', ಭವಭೂತಿಯ 'ಮಾಲತೀಮಾಧವ' ಎಂಬ ನಾಟಕಗಳಲ್ಲಿ ನಾಯಕಿಯ ಹೆಸರು ಮುಂದೆ, ನಾಯಕನ ಹೆಸರು ಹಿಂದೆ.

ಭಾರವಿಗೂ ಕನ್ನಡ ನಾಡಿಗೂ ನಂಟು ಹಳೆಯದು. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಹೋಲಿಸಿಕೊಂಡಿದ್ದಾನೆ. ಗಂಗದೊರೆ ದುರ್ವಿನೀತನು 'ಕಿರಾತಾರ್ಜುನೀಯ'ದ ಹದಿನೈದನೆಯ ಸರ್ಗಕ್ಕೆ ಟೀಕೆಯನ್ನು ಬರೆದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ. 'ಕೊಂಗುದೇಶ ರಾಜಾಕ್ಕಳ್' ಎಂಬ ತಮಿಳು ಚರಿತ್ರೆಯು ಈ ಗಂಗರನ್ನೇ ಕೊಂಗುನಾಡಿನ ದೊರೆಗಳೆಂದು ಎಣಿಸಿರುವುದನ್ನು ನಮ್ಮ ಊರಿನ ಓದುಗರು ನೆನೆಯಬಹುದು. ಸಂಸ್ಕೃತದ ಒಂದು ಜೋಡಿ ಹೆಸರಿನ ಕಾವ್ಯಕ್ಕೆ ಟೀಕೆ ಬರೆದವನೆಂದು ಹೇಳಲಾದ ದೊರೆಯನ್ನು ತಮಿಳು ಬಖೈರು ಕೊಂಗುನಾಡಿಗೆ ಸೇರಿಸಿತು, 'ಕವಿರಾಜಮಾರ್ಗ'ವು ಕನ್ನಡ ಗದ್ಯಕಾರರ ಸಾಲಿಗೆ ಸೇರಿಸಿತು.

ಕಿರಾತಾರ್ಜುನರ ಅದೇ ಕಥೆಯನ್ನು ಹದಿನೇಳನೆಯ ಶತಮಾನದಲ್ಲಿ ಷಡಕ್ಷರದೇವನು ಕನ್ನಡದಲ್ಲಿ ಬರೆದನು. ಅವನು ಯಳಂದೂರಿನ ಮಠದ ಒಡೆಯ. ಯಳಂದೂರು ಕೊಳ್ಳೇಗಾಲಕ್ಕೆ ನೆರೆಯೂರು. ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ನಮ್ಮ ಕೊಯಮತ್ತೂರು ಜಿಲ್ಲೆಯ ತಾಲ್ಲೂಕೇ ಆಗಿದ್ದಿತು. ಆದುದರಿಂದ ಷಡಕ್ಷರಿಯನ್ನು ನೆರೆಮನೆಯ ಕವಿಯೆಂದು ನಾವು ಹೇಳಿಕೊಂಡರೆ ಅತಿಶಯವಾಗದು. ಅವನು ತನ್ನ ಕಾವ್ಯಕ್ಕೆ ಇಟ್ಟ ಹೆಸರು 'ಶಬರಶಂಕರವಿಲಾಸ'. ಇಲ್ಲಿಯೂ ಎರಡು ನಾಮಪದಗಳುಂಟು, ಆದರೆ ವ್ಯಕ್ತಿ ಒಬ್ಬನೇ. ಬೇಡನ ವೇಷದಲ್ಲಿ ಬಂದವನು ಶಿವ, ಶಬರನೇ ಶಂಕರ. ಭಾರವಿಯ ಹೆಸರಿನಲ್ಲಿ ಇಬ್ಬರು ಹೋರಾಡಲು ಸಿದ್ಧರಾಗಿ ನಿಂತಿದ್ದಾರೆ. ಷಡಕ್ಷರಿಯ ಹೆಸರಿನಲ್ಲಿ ಅರ್ಜುನನಿಗೆ ಎಡೆಯೇ ಇಲ್ಲ, ಕಥೆಯ ಗುಟ್ಟನ್ನು ಕವಿಯು ಬಾಗಿಲಲ್ಲಿಯೇ ಬಿಚ್ಚಿಟ್ಟಿದ್ದಾನೆ. ಕಥೆ ಒಂದೇ ಆದರೂ ಪಕ್ಕದಲ್ಲಿ ಯಾರನ್ನು ಕೂರಿಸಿದೆವೆಂಬುದರಿಂದ ಕಾವ್ಯದ ದೃಷ್ಟಿಯೇ ಬದಲಾಯಿತು. ವೀರಶೈವ ಕವಿಗೆ ಬೇಕಾಗಿದ್ದುದು ಯುದ್ಧವಲ್ಲ, ವೇಷದೊಳಗಿನ ದೇವರು.

ಇದಕ್ಕೂ ಬಹು ಹಿಂದೆ, 941ರಲ್ಲಿ, ಪಂಪನು ಇಂಥ ಜಾಣತನವನ್ನು ತೋರಿದ್ದನು. 'ವಿಕ್ರಮಾರ್ಜುನವಿಜಯ'ವೆಂಬ ಹೆಸರು ಮೇಲುನೋಟಕ್ಕೆ ವಿಕ್ರಮಶಾಲಿಯಾದ ಅರ್ಜುನನ ವಿಜಯವೆಂದು ತೋರುವುದು. ಆದರೆ ಕಾವ್ಯದ ಉದ್ದಕ್ಕೂ ಅರಿಕೇಸರಿಯೆಂಬ ದೊರೆಯೂ ಅರ್ಜುನನೂ ಒಂದೇ ಅಂಗಿಯನ್ನು ತೊಟ್ಟು ನಡೆಯುತ್ತಾರೆ. ರನ್ನನ 'ಸಾಹಸಭೀಮವಿಜಯ'ದಲ್ಲಿ ಸತ್ಯಾಶ್ರಯನಿಗೂ ಭೀಮನಿಗೂ ಇದೇ ಸಂಬಂಧ. ಹಳಗನ್ನಡದ ಕವಿಗಳು ಎರಡನ್ನು ಎರಡಾಗಿ ನಿಲ್ಲಿಸುವುದಕ್ಕಿಂತ ಎರಡನ್ನು ಬೆಸೆಯುವುದರಲ್ಲಿ ಹೆಚ್ಚು ಆಸಕ್ತರಾಗಿದ್ದರೆಂದು ಇದರಿಂದ ಊಹಿಸಬಹುದು. ಎದುರುಬದುರಾಗಿ ನಿಂತ ಜೋಡಿಯನ್ನು ಉಳಿಸಿಕೊಂಡವರು ಯಕ್ಷಗಾನದವರು. 'ಕರ್ಣಾರ್ಜುನ ಕಾಳಗ', 'ಕೃಷ್ಣಾರ್ಜುನ ಕಾಳಗ' ಎಂಬ ಹೆಸರುಗಳನ್ನು ಕೇಳಿದ ಕೂಡಲೆ ಯಾವ ಎರಡು ವೇಷಗಳು ರಂಗಕ್ಕೆ ಬರುವುವೆಂದು ಪ್ರೇಕ್ಷಕನಿಗೆ ತಿಳಿಯುತ್ತಿದ್ದಿತು. ಬಯಲಾಟಕ್ಕೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇರೆ ಬೇಕೆ?

ಕನಕದಾಸರ 'ರಾಮಧಾನ್ಯ ಚರಿತೆ'ಯನ್ನೂ ಇಲ್ಲಿ ಎತ್ತಿಕೊಳ್ಳಬೇಕು. ಕಥೆಯು ರಾಗಿ ಭತ್ತಗಳ ವ್ಯಾಜ್ಯ. ಜೋಡಿ ಹೆಸರಿಡಲು ಇದಕ್ಕಿಂತ ತಕ್ಕ ಕಥೆ ಸಿಕ್ಕುವುದು ಕಷ್ಟ. ಆದರೆ ಕನಕದಾಸರು ಎರಡು ಧಾನ್ಯಗಳ ಹೆಸರನ್ನೂ ಇಡದೆ, ಗೆದ್ದ ರಾಗಿಗೆ ರಾಮನಿಂದ ಬಂದ ಗೌರವದ ಹೆಸರನ್ನೇ ಕಾವ್ಯಕ್ಕೆ ಇಟ್ಟುಬಿಟ್ಟರು. ತೀರ್ಪು ಹೊರಬಿದ್ದ ಮೇಲೆ ಪ್ರತಿವಾದಿಯ ಹೆಸರನ್ನು ಏಕೆ ಹೇಳಬೇಕೆಂಬುದು ಅವರ ಅಭಿಪ್ರಾಯವಾಗಿದ್ದೀತು. ಮಳೆ ಕಡಮೆಯ ಈ ಕೊಂಗುನಾಡಿನಲ್ಲಿ ರಾಗಿಯನ್ನು ಉಂಡು ಬೆಳೆದ ನಮಗೆ ಆ ಪಕ್ಷಪಾತವು ರುಚಿಸದೆ ಇರದು.

ಹೊಸಗನ್ನಡಕ್ಕೆ ಬರುವಾಗ ಜೋಡಿ ಹೆಸರುಗಳ ನಡುವೆ ಒಂದು ಹೊಸ ಪದವು ಬಂದು ಕುಳಿತುಕೊಂಡಿತು. 1899ರಲ್ಲಿ ಗುಲ್ವಾಡಿ ವೆಂಕಟರಾಯರು ಬರೆದ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಕೃತಿಯ ಪೂರ್ಣನಾಮ 'ಇಂದಿರಾಬಾಯಿ ಅಥವಾ ಸದ್ಧರ್ಮವಿಜಯ'. ಒಬ್ಬ ಹೆಣ್ಣಿನ ಹೆಸರು, ಒಂದು ತತ್ತ್ವದ ಹೆಸರು; ನಡುವೆ 'ಅಥವಾ'. ಇದು ಆ ಕಾಲದ ಇಂಗ್ಲಿಷ್ ಪುಸ್ತಕಗಳ ರೀತಿ. ಓದುಗರಿಗೆ ಕಥೆಯೂ ಬೇಕು, ಕಥೆಯನ್ನು ಓದುವುದಕ್ಕೆ ಒಂದು ಸದುದ್ದೇಶದ ನೆಪವೂ ಬೇಕು ಎಂಬ ಸಂದಿಗ್ಧಕಾಲದ ಹೆಸರದು. ಇಂದು ಎಲ್ಲರೂ ಅದನ್ನು 'ಇಂದಿರಾಬಾಯಿ' ಎಂದೇ ಕರೆಯುತ್ತಾರೆ. ತತ್ತ್ವವು ಉದುರಿಹೋಗಿ ಹೆಣ್ಣು ಉಳಿದಳು.

'ಅಥವಾ' ಎಂಬುದು ಬಂದು ಹೋಯಿತು; 'ಮತ್ತು' ಬಂದು ನಿಂತಿತು. ಹಳಗನ್ನಡದ 'ಮತ್ತಂ' ಎಂಬುದಕ್ಕೆ 'ಪುನಃ', 'ಅದಲ್ಲದೆ' ಎಂಬ ಅರ್ಥವಿದ್ದಿತು. ಅದನ್ನು ಎರಡು ನಾಮಪದಗಳ ನಡುವಿನ ಕೊಂಡಿಯಾಗಿ ಬಳಸುವ ವಾಡಿಕೆಯು ಇಂಗ್ಲಿಷಿನ ಅನುವಾದಗಳೂ ಕಚೇರಿಯ ಕಾಗದಗಳೂ ಹೆಚ್ಚಿದಂತೆ ಬೆಳೆಯಿತೆಂದು ನಮ್ಮ ಎಣಿಕೆ. ತಮಿಳಿನ 'ಮಟ್ರುಂ' ಎಂಬುದರ ಪಾಡೂ ಇದೇ; ನಮ್ಮ ಊರಿನ ಸರ್ಕಾರಿ ಫಲಕಗಳಲ್ಲಿ ಅದನ್ನು ನಿತ್ಯವೂ ನೋಡಬಹುದು. ಟಾಲ್‌ಸ್ಟಾಯ್ ಅವರ ಮಹಾಕಾದಂಬರಿಯು ಕನ್ನಡದಲ್ಲಿ 'ಯುದ್ಧ ಮತ್ತು ಶಾಂತಿ' ಎಂದಾಯಿತು. ಜೇನ್ ಆಸ್ಟೆನ್ ಅವರ 1813ರ 'ಪ್ರೈಡ್ ಅಂಡ್ ಪ್ರಿಜುಡಿಸ್' ಆಗಲಿ, ಸ್ಟೆಂಡಾಲ್ ಅವರ 1830ರ ಕೆಂಪು ಕಪ್ಪುಗಳ ಕಾದಂಬರಿಯಾಗಲಿ, ದಾಸ್ತೊಯೆವ್‌ಸ್ಕಿಯವರ 1866ರ ಅಪರಾಧ ಶಿಕ್ಷೆಗಳ ಕಾದಂಬರಿಯಾಗಲಿ, ಈ ಹೆಸರುಗಳಲ್ಲಿ ನಡುವಣ ಕೊಂಡಿಗೆ ತಕ್ಕಡಿಯ ಮುಳ್ಳಿನ ಕೆಲಸವಿದೆ. ಎರಡು ತಟ್ಟೆಗಳನ್ನು ಬೇರೆಬೇರೆಯಾಗಿ ತೂಗುವುದು ಅದರ ಕಾರ್ಯ. ಕನ್ನಡದ ಜೋಡುನುಡಿಯ ಸ್ವಭಾವ ಹಾಗಲ್ಲ. ತುರ್ಗೆನೆವ್ ಅವರ 1862ರ ಕಾದಂಬರಿಯ ಹೆಸರನ್ನು 'ತಂದೆಮಕ್ಕಳು' ಎಂದುಬಿಟ್ಟರೆ ಕನ್ನಡಿಗನಿಗೆ ಒಂದು ಸಂಸಾರ ಕಾಣುವುದೇ ಹೊರತು ಎರಡು ತಲೆಮಾರುಗಳ ಕಲಹ ಕಾಣುವುದಿಲ್ಲ. 'ಮತ್ತು' ಎಂಬುದನ್ನು ವಿದೇಶೀ ಸೊಂಕೆಂದು ಹಳಿಯುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಅದಕ್ಕೂ ಒಂದು ಉಪಯೋಗವುಂಟು.

ಕುವೆಂಪು ಅವರು 1944ರಲ್ಲಿ ತಮ್ಮ ಕವನಸಂಗ್ರಹಕ್ಕೆ 'ಕೋಗಿಲೆ ಮತ್ತು ಸೋವಿಯಟ್ ರಷ್ಯ' ಎಂದು ಹೆಸರಿಟ್ಟುದು ಆ ಉಪಯೋಗವನ್ನು ಅರಿತೇ ಎಂದು ತೋರುತ್ತದೆ. ಮಲೆನಾಡಿನ ಹಕ್ಕಿಯೊಂದು, ಮಹಾಯುದ್ಧದಲ್ಲಿ ತೊಡಗಿದ್ದ ದೂರದ ದೇಶವೊಂದು. ಇವನ್ನು ಯಾವ ಸಮಾಸವೂ ಕೂಡಿಸಲಾರದು. 'ಮತ್ತು' ಇಲ್ಲದಿದ್ದರೆ ಆ ಹೆಸರು ನಿಲ್ಲುತ್ತಲೇ ಇರಲಿಲ್ಲ.

ಆದರೂ ನಮ್ಮ ಮನಸ್ಸಿಗೆ ಹೆಚ್ಚು ಒಪ್ಪುವುದು ಕೊಂಡಿಯಿಲ್ಲದ ಜೋಡಿಗಳೇ. ಅವುಗಳಲ್ಲಿ ಮೊದಲು ನೆನಪಿಗೆ ಬರುವುದು ಕೈಲಾಸಂ ಅವರ 'ಟೊಳ್ಳುಗಟ್ಟಿ'. ಪರೀಕ್ಷೆಗಳಲ್ಲಿ ಮುಂದಾದ ಪುಟ್ಟು, ಪರೀಕ್ಷೆಗಳಲ್ಲಿ ಹಿಂದಾದರೂ ಮನೆಗೆ ಆಸರೆಯಾದ ಮಾಧು ಎಂಬ ಇಬ್ಬರು ಅಣ್ಣತಮ್ಮಂದಿರ ನಾಟಕವದು. ಯಾರು ಟೊಳ್ಳು, ಯಾರು ಗಟ್ಟಿ ಎಂಬುದನ್ನು ಹೆಸರು ಹೇಳುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಉಚ್ಚರಿಸಿ ಪ್ರೇಕ್ಷಕನೇ ತಟ್ಟಿನೋಡಲಿ ಎಂದು ಬಿಡುತ್ತದೆ. ಸಂತೆಯಲ್ಲಿ ತೆಂಗಿನಕಾಯಿಯನ್ನು ತಟ್ಟಿನೋಡುವವನ ಮಾತು ಸಾಹಿತ್ಯವಾದುದು ಹೀಗೆ. ಇಲ್ಲಿ ನಮ್ಮ ಮನೆಗಳಿಗೆ ಸಂಬಂಧಿಸಿದ ಒಂದು ಸಂಗತಿಯುಂಟು. ಕೈಲಾಸಂ ಅವರ ಮನೆಮಾತು ತಮಿಳು. ಮಾಸ್ತಿಯವರ ಮನೆಮಾತೂ ತಮಿಳು, ಪು.ತಿ.ನ. ಅವರದೂ ಹಾಗೆಯೇ. ಬೇಂದ್ರೆಯವರ ಮನೆಮಾತು ಮರಾಠಿ. ನಮ್ಮ ಸ್ಥಿತಿಯನ್ನು ಕನ್ನಡಿಯಲ್ಲಿ ಎಡಬಲವಾಗಿ ಕಂಡಂತೆ ಅವರ ಸ್ಥಿತಿ: ಒಳಗೆ ತಮಿಳು, ಹೊರಗೆ ಕನ್ನಡ. ಹೊರಗಿನ ಭಾಷೆಯು ಅವರ ಒಳಗಿನ ಭಾಷೆಯನ್ನು ಕೊಲ್ಲಲಿಲ್ಲ; ಒಳಗಿನದು ಹೊರಗಿನದಕ್ಕೆ ಅಡ್ಡಿಯಾಗಲಿಲ್ಲ.

1950ರ ದಶಕವನ್ನು ಜೋಡಿ ಹೆಸರುಗಳ ಸುಗ್ಗಿಯೆಂದೇ ಕರೆಯಬಹುದು. 1953ರಲ್ಲಿ ಜಿ.ಎಸ್. ಶಿವರುದ್ರಪ್ಪನವರ 'ಚೆಲುವು ಒಲವು' ಬಂದಿತು. ಮರುವರ್ಷವೇ ಗೋಪಾಲಕೃಷ್ಣ ಅಡಿಗರ 'ಚಂಡೆಮದ್ದಳೆ'. ಈ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುನೋಡಿದರೆ ನವೋದಯದಿಂದ ನವ್ಯಕ್ಕೆ ಕನ್ನಡ ಕಾವ್ಯವು ತಿರುಗಿದ ತಿರುವೇ ಕಾಣುತ್ತದೆ. ಮೊದಲನೆಯ ಜೋಡಿಯಲ್ಲಿ ಒಂದು ಇನ್ನೊಂದಕ್ಕೆ ಒರಗಿಕೊಂಡಿದೆ. ಪ್ರಾಸವೇ ಅವನ್ನು ಬೆಸೆದಿದೆ. ಎರಡನೆಯದರಲ್ಲಿ ಎರಡು ವಾದ್ಯಗಳು. ಚಂಡೆಯನ್ನು ಕೋಲಿನಿಂದ ಬಾರಿಸುವರು. ಅದು ದೂರದ ಊರಿಗೆ ಕೇಳುವ, ಕಾಳಗಕ್ಕೆ ಕರೆಯುವ ದನಿ. ಮದ್ದಳೆಯನ್ನು ಕೈಯಿಂದ ನುಡಿಸುವರು. ಅದು ಭಾಗವತನ ಹಾಡಿನ ಬೆನ್ನಿಗೆ ನಿಲ್ಲುವ ದನಿ. ಆಟಕ್ಕೆ ಎರಡೂ ಬೇಕು, ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಉಡುಪಿಯ ಬಳಿಯ ಮೊಗೇರಿಯಲ್ಲಿ ಹುಟ್ಟಿದ ಅಡಿಗರಿಗೆ ಆ ದನಿ ಬಾಲ್ಯದ ಸಂಗಾತಿ. ಅವರ ಹುಟ್ಟೂರಿನ ಜಿಲ್ಲೆಯೂ ನಮ್ಮ ಜಿಲ್ಲೆಯಂತೆಯೇ ಆಗ ಮದರಾಸು ಆಡಳಿತಕ್ಕೆ ಸೇರಿದ್ದಿತು.

ಬೇಂದ್ರೆಯವರ 'ಅರಳು ಮರಳು' ಮತ್ತೊಂದು ಸೊಗಸು. ಅರವತ್ತಕ್ಕೆ ಅರಳುಮರಳೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಕವಿಯು ಅರವತ್ತನ್ನು ಮುಟ್ಟಿದ ಕಾಲದಲ್ಲಿಯೇ ತನ್ನ ಐದು ಸಂಗ್ರಹಗಳನ್ನು ಒಟ್ಟುಗೂಡಿಸಿ ಈ ಹೆಸರಿಟ್ಟು, ಮುಪ್ಪಿನ ಮಂಕೆಂಬ ಅರ್ಥದೊಳಗಿಂದ ಅರಳುವುದನ್ನೂ ಮರಳಿ ಬರುವುದನ್ನೂ ಹೊರತೆಗೆದರು. ಆ ಗ್ರಂಥಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ತ್ರಿವೇಣಿಯವರ 'ಹೂವು ಹಣ್ಣು', ಶ್ರೀರಂಗರ 'ಕತ್ತಲೆ ಬೆಳಕು' ಇವುಗಳನ್ನೂ ಈ ಸಾಲಿನಲ್ಲಿ ಹೆಸರಿಸಬೇಕು. ಚಲಚ್ಚಿತ್ರದವರು ಈ ರೀತಿಯನ್ನು ಹಿಡಿದುದು ಸಹಜವೇ ಆಗಿದೆ: 1969ರಲ್ಲಿ ಪುಟ್ಟಣ್ಣ ಕಣಗಾಲರ 'ಕಪ್ಪು ಬಿಳುಪು', 1982ರಲ್ಲಿ ರಾಜಕುಮಾರ್ ಅವರು ನಟಿಸಿದ 'ಹಾಲು ಜೇನು'. ಕಪ್ಪುಬಿಳುಪು, ಕತ್ತಲೆಬೆಳಕುಗಳಂಥ ಜೋಡಿಗಳು ಬಳಸಿ ಬಳಸಿ ಸವೆದಿವೆಯೆಂಬುದನ್ನು ಮಾತ್ರ ಒಪ್ಪಬೇಕು. ಹಾಲುಜೇನು ಇನ್ನೂ ಸವೆದಿಲ್ಲ.

ಜೋಡಿ ಹ��ಸರಿನಲ್ಲಿ ಭಾಷೆಯ ಗಡಿಯೇ ಕಾಣಿಸಿಕೊಂಡುದು ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ'ಯಲ್ಲಿ. 1990ರ ದಶಕದ ಈ ನಾಟಕದ ವಸ್ತು ಮಹಾಭಾರತದ ವನಪರ್ವದ ಯವಕ್ರೀತನ ಕಥೆ. ಅಗ್ನಿ ಎಂಬುದು ಸಂಸ್ಕೃತ, ಮಳೆ ಎಂಬುದು ಅಚ್ಚಗನ್ನಡ. ಯಜ್ಞಕುಂಡದ ಪಾವಿತ್ರ್ಯವು ಮೊದಲನೆಯ ಪದಕ್ಕೆ ಅಂಟಿಕೊಂಡಿದೆ, ಎರಡನೆಯ ಪದಕ್ಕೆ ಅಂಥ ಯಾವ ಹಂಗೂ ಇಲ್ಲ; ಈ ಭೇದವನ್ನು ನಾಟಕಕಾರರೇ ಎತ್ತಿ ತೋರಿದ್ದಾರೆ. ಕೇಶಿರಾಜನ ದೃಷ್ಟಿಯಿಂದ ನೋಡಿದರೆ ಇವೆರಡನ್ನು ಬೆಸೆಯುವುದು ಅರಿಸಮಾಸವಾಗುವುದು. ಬಿರುದುಗಳಲ್ಲಿಯೂ ಹಿಂದಿನ ಕವಿಗಳ ಪ್ರಯೋಗಗಳಲ್ಲಿಯೂ ಹೊರತು ಸಂಸ್ಕೃತ ಕನ್ನಡಗಳನ್ನು ಒಂದು ಸಮಾಸದಲ್ಲಿ ಕೂಡಿಸಬಾರದೆಂಬುದು ಅವನ ಕಟ್ಟಳೆಯಷ್ಟೆ. ಏಳುನೂರು ವರ್ಷಗಳ ತರುವಾಯ ಒಂದು 'ಮತ್ತು' ಆ ಕಟ್ಟಳೆಯನ್ನು ಮುರಿಯದೆಯೇ ಎರಡನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿತು.

ಇನ್ನು ನಮ್ಮ ಊರುಕೇರಿಗಳ ಜೋಡಿಗಳು. ಕೊಯಮತ್ತೂರು ಸೀಮೆಯು ಹದಿನೇಳನೆಯ ಶತಮಾನದಿಂದ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದುದು ಸರ್ವವಿದಿತ. ಅದಕ್ಕೂ ಮೊದಲೇ ಕನ್ನಡ ನಾಡಿನಿಂದ ಬಂದು ನೆಲೆಸಿದೆವೆಂದು ಹೇಳಿಕೊಳ್ಳುವ ಮನೆತನಗಳು ದೇವಾಂಗರಲ್ಲಿ ಹಲವು. ಅವರ ಗುಡಿಗಳ ಹೆಸರು ರಾಮಲಿಂಗ ಚೌಡೇಶ್ವರಿ. ಸೀತಾರಾಮ, ರಾಧಾಕೃಷ್ಣ, ಪಾರ್ವತೀಪರಮೇಶ್ವರ ಎಂಬಲ್ಲೆಲ್ಲ ದೇವಿಯ ಹೆಸರು ಮುಂದೆ ಬರುವುದು ವಾಡಿಕೆ. ಇಲ್ಲಿ ಮಾತ್ರ ಹಿಂದುಮುಂದು. ಆದರೆ ವಿಜಯದಶಮಿಯಂದು ಕತ್ತಿ ಹಿಡಿದು ಸೇವೆಗೆ ಹೊರಡುವವರು ಕರೆಯುವುದು ತಾಯಿಯನ್ನೇ. ಹೆಸರಿನಲ್ಲಿ ರಾಮಲಿಂಗ ಮೊದಲು, ಹರಕೆಯಲ್ಲಿ ಚೌಡಮ್ಮ. ನೇಕಾರ ವಚನಕಾರ ದಾಸಿಮಯ್ಯನ ಅಂಕಿತವು 'ರಾಮನಾಥ' ಎಂಬುದನ್ನು ನೆನೆದರೆ ಈ ಜೋಡಿಯ ಮೊದಲ ಪದಕ್ಕೂ ತನ್ನದೇ ಆದ ಕನ್ನಡದ ಬೇರುಂಟೆಂದು ತಿಳಿಯುವುದು.

ನೇಕಾರರ ಮನೆಯ ಇನ್ನೊಂದು ಜೋಡಿಯು 'ಹಾಸುಹೊಕ್ಕು'. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ ಹಾಸು. ಲಾಳಿಯು ಅಡ್ಡಕ್ಕೆ ಒಯ್ಯುವ ಎಳೆ ಹೊಕ್ಕು. ಕನ್ನಡ ಗದ್ಯದಲ್ಲಿ ಈ ಮಾತು ಇಂದಿಗೂ ಎಲ್ಲೆಲ್ಲಿಯೂ ಇದೆ. ಮಗ್ಗವನ್ನು ಕಣ್ಣಿನಿಂದ ಕಾಣದ ಪಂಡಿತರೂ ಒಂದು ವಿಚಾರವು ಇನ್ನೊಂದರಲ್ಲಿ ಹಾಸುಹೊಕ್ಕಾಗಿದೆಯೆಂದು ಬರೆಯುವರು. ಆದರೆ ಪಲ್ಲಡಂ, ಸೋಮನೂರುಗಳ ವಿದ್ಯುತ್ ಮಗ್ಗಗಳ ನಡುವೆ ಕೆಲಸಕ್ಕೆ ನಿಂತ ನಮ್ಮ ಹುಡುಗರ ಬಾಯಲ್ಲಿ ಅದು 'ಪಾವು', 'ಊಡು' ಎಂದಾಗಿದೆ. 2006ರ ಕಾನೂನಿನಿಂದ ಒಂದನೆಯ ತರಗತಿಯಿಂದ ಹತ್ತನೆಯದರವರೆಗೆ ತಮಿಳು ಹಂತಹಂತವಾಗಿ ಕಡ್ಡಾಯವಾದ ಮೇಲೆ ಕನ್ನಡ ಅಕ್ಷರವನ್ನು ಕಲಿಸುವ ಹೊಣೆಯು ಬಹುಮಟ್ಟಿಗೆ ಮನೆಯ ಮೇಲೆಯೇ ಬಿದ್ದಿದೆ. ಪಾವು ಊಡುಗಳೂ ಒಳ್ಳೆಯ ಪದಗಳೇ. ಅವುಗಳ ಮೇಲೆ ನಮಗೆ ಮುನಿಸಿಲ್ಲ. ಹಾಸುಹೊಕ್ಕೆಂಬುದನ್ನು ಕನ್ನಡ ಭಾಷೆಗೆ ಕೊಟ್ಟವರು ನೇಕಾರರು. ಬೆಂಗಳೂರು ಧಾರವಾಡಗಳಲ್ಲಿ ಅಚ್ಚಾದ ಪುಸ್ತಕದಲ್ಲಿ ಆ ಪದವು ಎದುರಾದಾಗ ನೇಕಾರರ ಮನೆಯ ಮಗುವೇ ಅದರ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾದ ದಿನಗಳು ಬಂದಿವೆ. ಸಿರುಮುಗೈಯಂಥ ಊರುಗಳಲ್ಲಿ ಕೈಮಗ್ಗವಿನ್ನೂ ಆಡುತ್ತಿರುವ ಮನೆಗಳಲ್ಲಿ ಅಜ್ಜಿಯರು ಆ ಎರಡು ಎಳೆಗಳನ್ನು ಬೆರಳಿನಿಂದ ಮುಟ್ಟಿ ತೋರಿಸಬಲ್ಲರು.